ದೀಪ ಆರಿಸಿದ ಮೇಲೆ ಮೀಟರನ್ನೂ ನೋಡಿ

ಮಾರ್ಚ್ ತಿಂಗಳ ಕೊನೆಯ ವಾರಗಳಲ್ಲಿ, ಬಹುಮಟ್ಟಿಗೆ ಕೊನೆಯ ಶನಿವಾರದಂದು, ರಾತ್ರಿ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಮನೆಯ ದೀಪಗಳನ್ನು ಆರಿಸಿ ಎಂಬ ಕರೆ ಪ್ರತಿವರ್ಷ ಬರುತ್ತದೆ. ‘ಅರ್ತ್ ಅವರ್’ ಎಂದು ಕರೆಯಲಾಗುವ ಈ ಆಚರಣೆ ಮೊದಲು ನಡೆದದ್ದು 2007ರ ಮಾರ್ಚ್ 31ರಂದು, ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ. ಅಂದು 22 ಲಕ್ಷ ಜನ ದೀಪ ಆರಿಸಿದರೆಂದು ಸಂಘಟಕರು ಹೇಳಿಕೊಂಡರು. ಮರುವರ್ಷ ಅದು ಬೇರೆ ದೇಶಗಳಿಗೆ ಹಬ್ಬಿತು, 2009ರಲ್ಲಿ ಭಾರತವೂ ಸೇರಿಕೊಂಡಿತು. ಚಿಕ್ಕಮಗಳೂರಿನಲ್ಲಿ ಆ ಹೊತ್ತಿಗೆ ಜನರ ತಲೆಯಲ್ಲಿರುವುದು ಬೇರೆಯೇ ಚಿಂತೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಬಂತೇ, ಬಂದರೆ ಎಷ್ಟು ಇಂಚು, ಬಾರದಿದ್ದರೆ ಕೆರೆಯಲ್ಲಿ ಸ್ಪ್ರಿಂಕ್ಲರಿಗೆ ಸಾಕಾಗುವಷ್ಟು ನೀರಿದೆಯೇ ಎಂಬ ಲೆಕ್ಕಾಚಾರದಲ್ಲಿ ಮುಳುಗಿರುವ ಊರಿಗೆ, ಒಂದು ಗಂಟೆ ದೀಪ ಆರಿಸಿ ಹವಾಮಾನವನ್ನು ಉಳಿಸೋಣ ಎಂಬ ಮಾತು ಪೇಟೆಯವರ ಹವ್ಯಾಸದಂತೆ ಕೇಳಿಸಿದರೆ ಆಶ್ಚರ್ಯವೇನಿಲ್ಲ. ಆದರೆ ಹೂಮಳೆಯ ಚಿಂತೆ ಮತ್ತು ದೀಪದ ಸ್ವಿಚ್ಚು ಒಂದೇ ತಂತಿಯ ಎರಡು ತುದಿಗಳಲ್ಲಿವೆ ಎಂದು ನನಗೆ ತೋರುತ್ತದೆ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಆ ಒಂದು ಗಂಟೆಯ ಲೆಕ್ಕವನ್ನು ನೋಡಿಬಿಡೋಣ. ನಮ್ಮ ಮನೆಗಳಲ್ಲಿ ಈಗ ಉರಿಯುವುದು ಹೆಚ್ಚಾಗಿ 9 ವ್ಯಾಟಿನ ಎಲ್‌ಇಡಿ ಬಲ್ಬು. ಎಲ್‌ಇಡಿ ಬಲ್ಬು ಹಂಚುವ ಕೇಂದ್ರ ಸರ್ಕಾರದ ಉಜಾಲಾ ಯೋಜನೆ 2015ರಲ್ಲಿ ಬಂದ ಮೇಲೆ 60 ವ್ಯಾಟಿನ ಹಳೆಯ ಬುರುಡೆ ಬಲ್ಬುಗಳು ಒಂದೊಂದಾಗಿ ಮೂಲೆ ಸೇರಿದವು. ಆರು ಬಲ್ಬುಗಳನ್ನು ಒಂದು ಗಂಟೆ ಆರಿಸಿದರೆ ಉಳಿಯುವುದು 54 ವ್ಯಾಟ್ ಅವರ್, ಅಂದರೆ ಒಂದು ಯೂನಿಟ್ಟಿನ (ಸಾವಿರ ವ್ಯಾಟ್ ಅವರ್) ಇಪ್ಪತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ನಮ್ಮ ದೇಶದ ಗ್ರಿಡ್ಡಿನಲ್ಲಿ, ಅಂದರೆ ವಿದ್ಯುತ್ ಜಾಲದಲ್ಲಿ, ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಲೆಕ್ಕದಲ್ಲಿ ನಾವು ಉಳಿಸಿದ್ದು 40 ಗ್ರಾಂ ಕೂಡ ಅಲ್ಲ. ಬಚ್ಚಲಿನ 25 ಲೀಟರಿನ ಗೀಸರನ್ನು ಒಮ್ಮೆ ಪೂರ್ತಿ ಕಾಯಿಸಲು ಒಂದು ಯೂನಿಟ್ಟಿಗಿಂತ ಹೆಚ್ಚು ಬೇಕು, ಎಂದರೆ ಅದೇ ಆರು ಬಲ್ಬುಗಳು ಇಪ್ಪತ್ತು ಗಂಟೆ ಉರಿಯುವಷ್ಟು. ದೀಪ ಆರಿಸಿ, ಆ ಕತ್ತಲೆಯಲ್ಲೇ ಬಿಸಿನೀರಿನ ಸ್ನಾನ ಮುಗಿಸಿ ಬಂದವರ ಮನೆಯ ಲೆಕ್ಕ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೇಣದಬತ್ತಿಯ ಸಂಗತಿ ಇನ್ನೂ ವಿಚಿತ್ರ. ಈ ಆಚರಣೆಯ ಹೆಸರಿನಲ್ಲಿ ಸಾಲಾಗಿ ಮೇಣದಬತ್ತಿ ಹಚ್ಚಿ ಫೋಟೊ ತೆಗೆಯುವ ರೂಢಿ ಬೆಳೆದಿದೆ. ಅಂಗಡಿಯ ಮೇಣದಬತ್ತಿ ಬಹುತೇಕ ಪ್ಯಾರಾಫಿನ್, ಅದು ಕಚ್ಚಾ ತೈಲದಿಂದ ಬರುವಂಥದು. ಗಂಟೆಗೆ ಐದಾರು ಗ್ರಾಂ ಮೇಣ ಉರಿದರೆ ಹದಿನೈದು ಗ್ರಾಂಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಗುತ್ತದೆ, 9 ವ್ಯಾಟಿನ ಬಲ್ಬಿನಿಂದ ಅದೇ ಒಂದು ಗಂಟೆಗೆ ಆರೇಳು ಗ್ರಾಂ. ಬೆಳಕಿನಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಇನ್ನು, ಮೇನ್ ಸ್ವಿಚ್ ಇಳಿಸಿ ಇನ್ವರ್ಟರಿನ ಬೆಳಕಿನಲ್ಲಿ ಕೂರುವವರೂ ಇದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದೆ ಕಳೆಯುವ ಮಲೆನಾಡಿನಲ್ಲಿ ಇನ್ವರ್ಟರ್ ಇಲ್ಲದ ಮನೆ ಅಪರೂಪವಾದ್ದರಿಂದ ಇದನ್ನು ಹೇಳಬೇಕಾಯಿತು. ಬ್ಯಾಟರಿಯಿಂದ ತೆಗೆದಷ್ಟನ್ನೂ, ಅದರ ಮೇಲೆ ನಷ್ಟವಾದಷ್ಟನ್ನೂ ಸೇರಿಸಿ, ಒಂಬತ್ತೂವರೆಯ ನಂತರ ಅದು ಗ್ರಿಡ್ಡಿನಿಂದಲೇ ಮತ್ತೆ ತುಂಬಿಸಿಕೊಳ್ಳುತ್ತದೆ.

ಹಾಗಾದರೆ ಇದೆಲ್ಲ ತೋರಿಕೆಯೇ? ಅಷ್ಟು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜನ ಒಟ್ಟಾಗಿ ದೀಪ ಆರಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಒಮ್ಮೆ ಕಂಡಿದೆ. ಅದು ಹವಾಮಾನಕ್ಕಾಗಿ ನಡೆದದ್ದಲ್ಲ, ಕೊರೊನಾ ಲಾಕ್‌ಡೌನಿನ ಕಾಲದ ಕರೆ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿದಾಗ ದೇಶದ ವಿದ್ಯುತ್ ಬೇಡಿಕೆ ಸುಮಾರು 31,000 ಮೆಗಾವ್ಯಾಟಿನಷ್ಟು ಕುಸಿಯಿತು. 12,000ದಿಂದ 14,000 ಮೆಗಾವ್ಯಾಟ್ ಇಳಿಯಬಹುದೆಂದು ಗ್ರಿಡ್ ನಿರ್ವಾಹಕರು ಅಂದಾಜಿಸಿದ್ದರು. ಇಳಿದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಒಂದೊಂದು ಮನೆಯಲ್ಲಿ ಲೆಕ್ಕಕ್ಕೇ ಬಾರದ ವಸ್ತು ಕೋಟಿಗಟ್ಟಲೆ ಮನೆಗಳಲ್ಲಿ ಸೇರಿದಾಗ ಎಷ್ಟಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಸಿಗಲಾರದು.

ಆದರೆ ಆ ರಾತ್ರಿಯ ಇನ್ನೊಂದು ಮುಖವನ್ನು ಹೆಚ್ಚು ಜನ ಗಮನಿಸಲಿಲ್ಲ. ಹಠಾತ್ತನೆ ಇಳಿದ ಬೇಡಿಕೆಗೆ ತಕ್ಕಂತೆ ಉತ್ಪಾದನೆಯನ್ನು ಇಳಿಸಿ, ಕೆಲವೇ ನಿಮಿಷಗಳಲ್ಲಿ ಮತ್ತೆ ಏರಿಸಿದ್ದು ಮುಖ್ಯವಾಗಿ ಜಲವಿದ್ಯುತ್ ಕೇಂದ್ರಗಳು. ಗೇಟು ಮುಚ್ಚಿದರೆ ಟರ್ಬೈನು ನಿಲ್ಲುತ್ತದೆ, ತೆರೆದರೆ ತಿರುಗುತ್ತದೆ. ಕಲ್ಲಿದ್ದಲಿನ ಬಾಯ್ಲರಿಗೆ ಈ ಚುರುಕು ಇಲ್ಲ. ಅದನ್ನು ನಿಧಾನವಾಗಿ ಇಳಿಸಬೇಕು, ನಿಧಾನವಾಗಿ ಏರಿಸಬೇಕು, ಒಂದು ಮಿತಿಗಿಂತ ಕೆಳಗೆ ಇಳಿಸಲೂ ಆಗದು. ಆದ್ದರಿಂದ ವರ್ಷಕ್ಕೊಮ್ಮೆ ಒಂದು ಗಂಟೆ ದೀಪ ಆರಿಸಿದರೆ ಆ ಹೊತ್ತಿನಲ್ಲಿ ಅಣೆಕಟ್ಟಿನ ನೀರು ಸ್ವಲ್ಪ ಉಳಿಯಬಹುದೇ ಹೊರತು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಕಲ್ಲಿದ್ದಲು ಸುಡುವುದು ಹೆಚ್ಚೇನೂ ತಗ್ಗುವುದಿಲ್ಲ. ಯಾವ ಕೇಂದ್ರ ಎಷ್ಟು ಉತ್ಪಾದಿಸಬೇಕು ಎಂಬುದು ಹಿಂದಿನ ದಿನವೇ ನಿಗದಿಯಾಗುತ್ತದೆ. ದಿನವೊಂದನ್ನು ತಲಾ 15 ನಿಮಿಷದ 96 ಭಾಗಗಳಾಗಿ ಮಾಡಿ, ಒಂದೊಂದು ಭಾಗಕ್ಕೂ ಬೇಡಿಕೆಯ ಅಂದಾಜು ಕಟ್ಟಲಾಗುತ್ತದೆ. ಆ ಅಂದಾಜಿಗೆ ಆಧಾರವಾಗುವುದು ನಿನ್ನೆ, ಮೊನ್ನೆ, ಕಳೆದ ವಾರ ಅದೇ ಹೊತ್ತಿನಲ್ಲಿ ನಾವು ಬಳಸಿದ್ದು. ಹೀಗಾಗಿ ಕಲ್ಲಿದ್ದಲಿನ ಮೇಲೆ ಪರಿಣಾಮ ಬೀರಬೇಕಾದರೆ ಬಳಕೆ ಕಡಿಮೆಯಾಗುವುದು ದಿನವೂ ನಡೆಯಬೇಕು, ಅದೂ ಸಂಜೆಯ ಹೊತ್ತಿನಲ್ಲಿ.

ಸಂಜೆ ಎಂದು ಒತ್ತಿ ಹೇಳಲು ಕಾರಣವಿದೆ. ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಸೇರಿದಂತೆ ನಮ್ಮ ರಾಜ್ಯದಲ್ಲಿ ಹಗಲಿನ ವಿದ್ಯುತ್ತಿಗೆ ಬಿಸಿಲಿನ ದೊಡ್ಡ ಆಸರೆ ಇದೆ. ಮಧ್ಯಾಹ್ನ ಹನ್ನೆರಡಕ್ಕೆ ಮಿಕ್ಸಿ ತಿರುಗಿಸುವುದಕ್ಕೂ ರಾತ್ರಿ ಎಂಟಕ್ಕೆ ತಿರುಗಿಸುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣದಿದ್ದರೂ ಹೊಗೆಯಲ್ಲಿ ವ್ಯತ್ಯಾಸ ಇದೆ. ಸೂರ್ಯ ಮುಳುಗಿ ಎಲ್ಲರ ಮನೆಯಲ್ಲೂ ದೀಪ, ಟಿವಿ, ಗೀಸರ್ ಒಟ್ಟಿಗೆ ಚಾಲೂ ಆಗುವ ಆರೂವರೆಯಿಂದ ಹತ್ತರ ನಡುವೆ ಭಾರವೆಲ್ಲ ಶರಾವತಿ, ವಾರಾಹಿಗಳ ನೀರಿನ ಮೇಲೂ ಕಲ್ಲಿದ್ದಲಿನ ಮೇಲೂ ಬೀಳುತ್ತದೆ. ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆ ಇಂಧನವಲ್ಲದ ಮೂಲಗಳಿಂದ ಎಂಬ ಗುರಿಯನ್ನು ನಾವು 2025ರಲ್ಲೇ ಮುಟ್ಟಿದ್ದೇವೆ, ನಿಜ. ಆದರೆ ಸಾಮರ್ಥ್ಯವೇ ಬೇರೆ, ನಿಜಕ್ಕೂ ತಯಾರಾಗುವ ವಿದ್ಯುತ್ತೇ ಬೇರೆ. ತಯಾರಾಗುವುದರಲ್ಲಿ ಮೂರನೇ ಎರಡಕ್ಕೂ ಹೆಚ್ಚು ಪಾಲು ಈಗಲೂ ಕಲ್ಲಿದ್ದಲಿನದ್ದೇ.

ಮಳೆ ಕೈಕೊಟ್ಟರೆ ಈ ಲೆಕ್ಕ ಇನ್ನಷ್ಟು ಹದಗೆಡುತ್ತದೆ ಎಂಬುದನ್ನು 2023ರಲ್ಲಿ ನಾವೆಲ್ಲ ಅನುಭವಿಸಿದ್ದೇವೆ. ಆ ವರ್ಷದ ಆಗಸ್ಟ್, 1901ರಿಂದ ದಾಖಲೆ ಇರುವಷ್ಟು ಕಾಲದಲ್ಲಿ ದೇಶದ ಅತ್ಯಂತ ಒಣ ಆಗಸ್ಟ್. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಲಿಲ್ಲ. ಮಳೆ ಸುರಿಯಬೇಕಾದ ತಿಂಗಳಲ್ಲಿ ರೈತರು ಪಂಪ್‌ಸೆಟ್ ಓಡಿಸಿದರು, ಬೇಸಿಗೆಯ ಬೇಡಿಕೆ ಮಳೆಗಾಲದಲ್ಲೇ ಬಂದು ಕುಳಿತಿತು, ರಾಜ್ಯ ಹೊರಗಿನಿಂದ ವಿದ್ಯುತ್ ತರಿಸಿಕೊಳ್ಳಬೇಕಾಯಿತು, ಪಂಪ್‌ಸೆಟ್ಟಿಗೆ ಕೊಡುವ ಏಳು ಗಂಟೆಯ ತ್ರೀಫೇಸ್ ವಿದ್ಯುತ್ ಸ್ವಲ್ಪ ಕಾಲ ಐದು ಗಂಟೆಗೆ ಇಳಿಯಿತು. ಆ ಒಂದು ಬರಕ್ಕೆ ಹವಾಮಾನ ಬದಲಾವಣೆಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ, ಆ ವರ್ಷ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಮಳೆಯನ್ನು ತಗ್ಗಿಸುವ ಎಲ್‌ನಿನೊ ಇತ್ತು. ಆದರೆ ಮಳೆ ಕಡಿಮೆಯಾದಾಗ ಅಣೆಕಟ್ಟಿನಲ್ಲಿ ನೀರು ತಗ್ಗುತ್ತದೆ, ಅದೇ ಹೊತ್ತಿಗೆ ನೀರೆತ್ತುವ ಮೋಟರಿನ ಕೆಲಸ ಹೆಚ್ಚುತ್ತದೆ, ಎರಡರ ಕೊರತೆಯನ್ನೂ ಕಲ್ಲಿದ್ದಲು ತುಂಬುತ್ತದೆ, ಆ ಹೊಗೆ ಮುಂದಿನ ಮಳೆಗಳ ಲಯವನ್ನು ಇನ್ನಷ್ಟು ಕೆಡಿಸುತ್ತದೆ. ಹಾಗೆಂದು ಮಳೆ ಬರುವುದೇ ಇಲ್ಲ ಎಂದಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಮಲೆಮನೆಯ ಸುತ್ತ ಗುಡ್ಡ ಜಾರಿದಾಗಲೂ, 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಮಣ್ಣು ಕುಸಿದಾಗಲೂ ಮಳೆ ಬಂದೇ ಇತ್ತು, ತಿಂಗಳಿಡೀ ಬರಬೇಕಾದ ಮಳೆ ಕೆಲವೇ ದಿನಗಳಲ್ಲಿ.

ಮೀಟರನ್ನು ನೋಡಿ ಎಂದು ಶೀರ್ಷಿಕೆಯಲ್ಲಿ ಬರೆದದ್ದು ಸುಮ್ಮನೆ ಅಲ್ಲ. ದೀಪ ಆರಿಸಿದ ಆ ಒಂದು ಗಂಟೆಯಲ್ಲಿ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಅದೇ ಎಂದು ನನ್ನ ಅಭಿಪ್ರಾಯ. ಜಗಲಿಯ ಗೋಡೆಯ ಮೇಲಿರುವ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ನಮ್ಮ ಮೀಟರಿನ ಮುಖದ ಮೇಲೆ 3200 ಎಂದು ಅಚ್ಚಾಗಿದೆ, ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ಅದು 3,200 ಬಾರಿ ಮಿನುಗುತ್ತದೆ ಎಂದು ಅದರ ಅರ್ಥ. ಎಲ್ಲ ದೀಪ ಆರಿಸಿ ಅದರ ಎದುರು ನಿಂತರೆ ಮಿನುಗು ನಿಲ್ಲುವುದಿಲ್ಲ. ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿದ್ದರೆ ಹತ್ತು ಸೆಕೆಂಡಿಗೆ ಒಂದು ಸಲದಂತೆ ಮಿನುಗುತ್ತದೆ. ಅದು ನಿಂತ ಮೇಲೂ ಸೆಟ್‌ಟಾಪ್ ಬಾಕ್ಸ್, ವೈಫೈ ಡಬ್ಬಿ, ಟಿವಿಯ ಸ್ಟ್ಯಾಂಡ್‌ಬೈ ಎಲ್ಲ ಸೇರಿ ನಿಮಿಷಕ್ಕೊಮ್ಮೆಯಾದರೂ ಮಿನುಗಿಸುತ್ತವೆ. ಒಂದೇ ಒಂದು ಎಲ್‌ಇಡಿ ಬಲ್ಬು ಹಚ್ಚಿದರೆ ಎರಡು ನಿಮಿಷಕ್ಕೆ ಒಂದು ಮಿನುಗು. ಈಗ ಒಳಗಿದ್ದವರಿಗೆ ಕೂಗಿ ಹೇಳಿ ಗೀಸರಿನ ಸ್ವಿಚ್ ಹಾಕಿಸಿ ನೋಡಿ. ಆ ಕೆಂಪು ಚುಕ್ಕೆ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಬಾರಿ ಪಟಪಟನೆ ಹೊಡೆದುಕೊಳ್ಳತೊಡಗುತ್ತದೆ. ಇಷ್ಟನ್ನು ಕಣ್ಣಾರೆ ಕಂಡ ಮಕ್ಕಳಿಗೆ ಮತ್ತೆ ಭಾಷಣದ ಅಗತ್ಯವಿಲ್ಲ.

ಹತ್ತು ವ್ಯಾಟ್ ಎಳೆಯುವ ಸೆಟ್‌ಟಾಪ್ ಬಾಕ್ಸನ್ನು ದಿನವಿಡೀ ಹಾಗೇ ಬಿಟ್ಟರೆ ತಿಂಗಳಿಗೆ ಏಳು ಯೂನಿಟ್ ಆಗುತ್ತದೆ. ಸಂಜೆ ಐದು ಗಂಟೆ ಉರಿಯುವ ಬಲ್ಬು ತಿಂಗಳಿಗೆ ಒಂದೂವರೆ ಯೂನಿಟ್ಟನ್ನೂ ಮುಟ್ಟುವುದಿಲ್ಲ. ಬೆಳಕು ಕೊಡುವ ವಸ್ತು ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅದನ್ನು ಆರಿಸಬೇಕೆಂದು ನೆನಪಾಗುತ್ತದೆ. ಬೆಳಕು ಕೊಡದೆ ತಿನ್ನುವ ವಸ್ತುಗಳಿಗೆ ಆ ಸೌಭಾಗ್ಯ ಇಲ್ಲ.

ಪಕ್ಕದ ಮನೆಯವರೊಬ್ಬರು ಈ ಮಾತಿಗೆ ಹೇಳಿದ್ದು ಹೀಗೆ: “ಬಿಲ್ಲೇ ಸೊನ್ನೆ ಬರ್ತದಲ್ಲ ಟೀಚರೇ, ಆರಿಸಿ ನಮಗೆ ಸಿಗೋದೇನು?” ಅವರ ಪ್ರಶ್ನೆ ಸಹಜವಾದದ್ದೇ. 2023ರಲ್ಲಿ ಗೃಹಜ್ಯೋತಿ ಜಾರಿಗೆ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ಮೀರದ ಮನೆಗಳಿಗೆ, ಹಿಂದಿನ ಸರಾಸರಿ ಬಳಕೆಯ ಮೇಲೆ ಇನ್ನಷ್ಟು ಸೇರಿಸಿ ನಿಗದಿಯಾದ ಪ್ರಮಾಣದವರೆಗೆ, ಹಣ ಕೊಡಬೇಕಾಗಿಲ್ಲ. ತೋಟದ ಕಾರ್ಮಿಕರು ಇರುವ ಲೈನ್ ಮನೆಗಳಲ್ಲಿ ಎರಡು ಬಲ್ಬು, ಒಂದು ಫ್ಯಾನ್, ಒಂದು ಟಿವಿ ಇಟ್ಟುಕೊಂಡಿರುವ ಕುಟುಂಬಗಳಿಗೆ ಇದರಿಂದ ಆದ ನೆಮ್ಮದಿಯನ್ನು ಕಂಡಿರುವುದರಿಂದ ನಾನು ಯೋಜನೆಯನ್ನು ಟೀಕಿಸುವುದಿಲ್ಲ. ಆದರೆ ಬಿಲ್ಲಿನ ಕಾಗದವನ್ನು ಓದುವ ಅಭ್ಯಾಸ ನಮ್ಮಂಥ ಮನೆಗಳಲ್ಲಿ ತಪ್ಪಿಹೋಗಿದೆ. ಸೊನ್ನೆ ಎಂದು ಬರೆದ ಸಾಲಿನ ಮೇಲೆಯೇ ಈ ತಿಂಗಳು ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ, ಯಾರೂ ನೋಡುವುದಿಲ್ಲ. ಅವರಿಗೆ ನಾನು ಕೊಟ್ಟ ಉತ್ತರ ಬಹಳ ಲೌಕಿಕವಾದದ್ದು: 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು, ಬೇಸಿಗೆಯಲ್ಲಿ ಎಸಿ ಹಾಕಿಸಿದ್ದೀರಿ, ಮೀಟರ್ ನೋಡಿಕೊಳ್ಳಿ. ಹವಾಮಾನದ ಮಾತಿಗಿಂತ ಅದು ಬೇಗ ನಾಟಿತು.

ಎಲ್ಲರೂ ಆರಿಸಬೇಕು ಎಂಬ ಕರೆಯಲ್ಲಿ ‘ಎಲ್ಲರೂ’ ಯಾರು ಎಂದೂ ಕೇಳಿಕೊಳ್ಳಬೇಕು. ಲೈನ್ ಮನೆಯ ಒಂಟಿ ಬಲ್ಬಿನಡಿ ಓದುತ್ತಿರುವ ಹುಡುಗಿಗೆ ಪರೀಕ್ಷೆಯ ತಿಂಗಳಲ್ಲಿ ದೀಪ ಆರಿಸು ಎಂದು ಹೇಳುವುದು ನನ್ನಿಂದ ಸಾಧ್ಯವಿಲ್ಲ. ಆನೆ ಓಡಾಡುವ ಕಡೆಯೂ ಅಷ್ಟೆ. ಆಲ್ದೂರು, ಮೂಡಿಗೆರೆಯ ಕಡೆಗಾಗಲಿ, ಹಾಸನ ಜಿಲ್ಲೆಯ ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳಿಗಾಗಲಿ ಹೋಗಿ ಅಂಗಳದ ದೀಪ ಆರಿಸಿ ಎಂದರೆ ಜನ ನಕ್ಕಾರು, ನಗುವುದರಲ್ಲಿ ನ್ಯಾಯವೂ ಇದೆ. ಸಂಜೆಯಾದ ಮೇಲೆ ಕೊಟ್ಟಿಗೆಯಿಂದ ಮನೆಗೆ ಬರುವ ಇಪ್ಪತ್ತು ಹೆಜ್ಜೆಯ ದಾರಿಯಲ್ಲಿ ಎದುರಿಗೆ ಏನಿದೆ ಎಂದು ಕಾಣಬೇಕಾದವರಿಗೆ ಆ ದೀಪ ಸೌಕರ್ಯವಲ್ಲ, ಜೀವದ ಪ್ರಶ್ನೆ.

ಆರಿಸಬೇಕಾದ ದೀಪಗಳು ಬೇರೆಯೇ ಇವೆ. ನಮ್ಮ ಜಿಲ್ಲೆಯಲ್ಲಿ ಹೋಂಸ್ಟೇ, ರೆಸಾರ್ಟುಗಳು ಹೆಚ್ಚಿದ ಮೇಲೆ ಮರದ ಬುಡದಲ್ಲಿ ಮೇಲ್ಮುಖವಾಗಿ ಫ್ಲಡ್‌ಲೈಟ್ ನೆಟ್ಟು ಹಲಸು, ಸಿಲ್ವರ್ ಓಕುಗಳಿಗೆ ಹಸಿರು, ನೀಲಿ ಬಣ್ಣ ಬಳಿಯುವ ಚಾಳಿ ಬಂದಿದೆ. ಕತ್ತಲೆಗೆಂದೇ, ನಕ್ಷತ್ರ ನೋಡಲೆಂದೇ ಪೇಟೆಯಿಂದ ಬಂದವರಿಗೆ ಅದನ್ನು ಮರೆಮಾಡಿ ಬಣ್ಣದ ದೀಪ ತೋರಿಸುವುದರಲ್ಲಿ ಯಾವ ಅತಿಥಿ ಸತ್ಕಾರವಿದೆಯೋ ನನಗೆ ತಿಳಿಯದು. ಒಂದು ಫ್ಲಡ್‌ಲೈಟು ನೂರು ವ್ಯಾಟ್ ಎಂದಿಟ್ಟುಕೊಂಡರೂ ಸಂಜೆಯಿಂದ ಬೆಳಗಿನವರೆಗೆ ಹನ್ನೆರಡು ಗಂಟೆ ಉರಿದರೆ ಒಂದೂಕಾಲು ಯೂನಿಟ್ಟಿನ ಹತ್ತಿರ. ಅಂಥವು ಹತ್ತು ಇದ್ದರೆ ಒಂದು ರಾತ್ರಿಗೆ ಸುಮಾರು ಎಂಟು ಕೆ.ಜಿ. ಇಂಗಾಲದ ಡೈಆಕ್ಸೈಡ್, ಅದರಿಂದ ಯಾರಿಗೂ ಏನೂ ಕಾಣಿಸಬೇಕಾಗಿಲ್ಲ. ಮೇ ಕೊನೆ, ಜೂನ್ ಮೊದಲ ಮಳೆಯ ಹೊತ್ತಿಗೆ ನಮ್ಮ ಕಾಡಂಚಿನ ಮರಗಳಲ್ಲಿ ಮಿಂಚುಹುಳುಗಳು ಸೇರುತ್ತವೆ. ಗಂಡು ಹುಳು ಮಿನುಗಿ ಹೆಣ್ಣನ್ನು ಕರೆಯುವ ಆ ಸಣ್ಣ ಬೆಳಕು ಫ್ಲಡ್‌ಲೈಟಿನ ಎದುರು ಕಾಣುವುದೇ ಇಲ್ಲ. ಇಲ್ಲಿ ವರ್ಷಕ್ಕೊಂದು ಗಂಟೆ ಸಾಲದು. ಅತಿಥಿಗಳು ಮಲಗಿದ ಮೇಲೆ ಪ್ರತಿ ರಾತ್ರಿ ಆರಿಸುವುದಕ್ಕೆ ಒಂದು ಟೈಮರ್ ಸಾಕು. ಹಗಲು ಹತ್ತಾದರೂ ಉರಿಯುತ್ತಲೇ ಇರುವ ಬೀದಿದೀಪಗಳಿಗೂ ಇದೇ ಔಷಧ.

ಬಿಸಿನೀರಿನ ವಿಷಯದಲ್ಲಿ ಮಲೆನಾಡಿಗೆ ಅದರದೇ ಪರಿಹಾರ ಇದೆ. ಹಂಡೆ ಒಲೆ ಇನ್ನೂ ಆರಿಲ್ಲದ ಮನೆಗಳಲ್ಲಿ ಕಾಫಿ ಗಿಡದಿಂದ ಸವರಿ ತೆಗೆದ ಕಡ್ಡಿ, ಸಿಲ್ವರ್ ಓಕಿನ ರೆಂಬೆ ಉರಿಯುತ್ತದೆ. ಹೊಗೆಯ ತೊಂದರೆ ಇದ್ದೇ ಇದೆ. ಮಾಳಿಗೆಯ ಸೋಲಾರ್ ಹೀಟರ್ ಅಕ್ಟೋಬರಿನಿಂದ ಮೇ ತನಕ ಚೆನ್ನಾಗಿ ನಡೆಯುತ್ತದೆ, ಜೂನಿನಿಂದ ಅದನ್ನು ನಂಬಿ ಕೂರಲಾಗದು. ವಿದ್ಯುತ್ ತಯಾರಿಸುವ ಸೋಲಾರ್ ಫಲಕಗಳಿಗೆ 2024ರಿಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಆದರೆ ಬಿಲ್ಲು ಸೊನ್ನೆಯಾಗಿರುವ ಮನೆಯವರು ಅದಕ್ಕೆ ಕೈಹಾಕಲು ಬೇರೆ ಕಾರಣ ಬೇಕು.

ಇವೆಲ್ಲಕ್ಕಿಂತ ದೊಡ್ಡದು ಮೋಟರು. ರಾಜ್ಯದಲ್ಲಿ ಮಾರಾಟವಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ನೀರಾವರಿ ಪಂಪ್‌ಸೆಟ್ಟಿಗೆ ಹೋಗುತ್ತದೆ. ಹೂಮಳೆ ಬಾರದ ವರ್ಷ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರಿನಲ್ಲಿ ಒಂದೂವರೆ ಇಂಚು ನೀರು ಕೊಡಬೇಕೆಂದರೆ ಎಕರೆಗೆ ಒಂದೂವರೆ ಲಕ್ಷ ಲೀಟರ್ ಎತ್ತಬೇಕು. 10 ಎಚ್‌ಪಿ ಮೋಟರು ಆರು ಗಂಟೆ ಓಡಿದರೆ ಹತ್ತಿರ ಹತ್ತಿರ 50 ಯೂನಿಟ್. ಆರು ಬಲ್ಬುಗಳನ್ನು ದಿನಕ್ಕೆ ಐದು ಗಂಟೆಯಂತೆ ಆರು ತಿಂಗಳು ಉರಿಸುವಷ್ಟು ವಿದ್ಯುತ್ತು ಒಂದೇ ಪಾಳಿಯಲ್ಲಿ ಮುಗಿಯುತ್ತದೆ. ಡೀಸೆಲ್ ಎಂಜಿನ್ ಇಟ್ಟವರ ಲೆಕ್ಕ ಇನ್ನೂ ನೇರ, ಲೀಟರಿಗೆ 2.7 ಕೆ.ಜಿ. ಹಾಗಾಗಿ ಮನೆಯೊಳಗೆ ದೀಪ ಆರಿಸಿ, ಹೊರಗೆ ರಾತ್ರಿಯ ತ್ರೀಫೇಸಿನಲ್ಲಿ ಮೋಟರು ಗುಂಯ್‌ಗುಡುತ್ತಿದ್ದರೆ ಆ ಗಂಟೆಯ ಆಚರಣೆಗೆ ಅರ್ಥ ಕಡಿಮೆ.

ಆಲ್ದೂರಿನ ಕಡೆ ತೋಟ ಇಟ್ಟಿರುವ ನಮ್ಮ ಭಾವನವರೊಡನೆ ಈ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಬಿಸಿಲಿನ ವಿದ್ಯುತ್ ಹೇರಳವಾಗಿರುವ ಹಗಲಿನಲ್ಲೇ ಮೋಟರ್ ಓಡಿಸಿ ಎಂಬುದು ನನ್ನ ವಾದ. ಅವರ ಉತ್ತರ: “ಮಧ್ಯಾಹ್ನ ಜೆಟ್ ಹಾರಿಸಿದ್ರೆ ಅರ್ಧ ನೀರು ಗಾಳಿಗೇ ಹೋಗ್ತದೆ. ಇರೋದು ಒಂದು ಕೆರೆ. ಕರೆಂಟ್ ಉಳಿಸ್ಲೋ, ನೀರು ಉಳಿಸ್ಲೋ, ನೀನೇ ಹೇಳು.” ಅವರು ಹೇಳುವ ಅರ್ಧ ಎಂಬುದು ಉತ್ಪ್ರೇಕ್ಷೆಯಾದರೂ, ಮಾರ್ಚಿನ ಮಧ್ಯಾಹ್ನದ ಬಿಸಿಗಾಳಿಯಲ್ಲಿ ಸ್ಪ್ರಿಂಕ್ಲರಿನ ಹನಿ ಹೆಚ್ಚು ಆವಿಯಾಗುತ್ತದೆ, ಗಾಳಿ ಬೀಸಿದತ್ತ ಹಾರಿ ಸಾಲು ಸಾಲಿಗೆ ಸಮನಾಗಿ ಬೀಳುವುದಿಲ್ಲ ಎಂಬುದು ಸುಳ್ಳಲ್ಲ. ಕೆರೆ ಬರಿದಾದರೆ ಮುಂದಿನ ನೀರಿಗೆ ಬೋರ್‌ವೆಲ್ಲೇ ಗತಿ, ಆಳದಿಂದ ಎತ್ತಲು ಇನ್ನೂ ಹೆಚ್ಚು ವಿದ್ಯುತ್ ಬೇಕು. ಸದ್ಯಕ್ಕೆ ಇಬ್ಬರೂ ಒಪ್ಪಿಕೊಂಡಿರುವುದು ಇಷ್ಟು: ತ್ರೀಫೇಸ್ ಬೆಳಿಗ್ಗೆಯ ಪಾಳಿಯಲ್ಲಿ ಸಿಗುವ ವಾರಗಳಲ್ಲಿ ಗಾಳಿ ಏಳುವ ಮುಂಚೆ ಹತ್ತು ಗಂಟೆಯೊಳಗೆ ಮುಗಿಸುವುದು, ರಾತ್ರಿ ಪಾಳಿಯ ವಾರದಲ್ಲಾದರೆ ಹತ್ತರ ನಂತರವೇ ಸ್ಟಾರ್ಟರ್ ಒತ್ತುವುದು, ಆರೂವರೆಯಿಂದ ಹತ್ತರ ನಡುವೆ ಮಾತ್ರ ಮೋಟರಿನ ಮನೆಗೆ ಬೀಗ.